ಲಾರ್ನಾಕಾದ ರಸ್ತೆ, ಮಡಿಕೇರಿಯ ಹೆಸರು

ಕಾದಿ ಮಡಿದವನ ನೆನಪನ್ನು ಹತ್ತುಮಂದಿ ನಡೆದಾಡುವ ಎಡೆಯಲ್ಲಿ ನಿಲ್ಲಿಸುವ ಪದ್ಧತಿ ಕನ್ನಡ ನಾಡಿಗೆ ಹೊಸದಲ್ಲ. ತುರುಗಳನ್ನು ಮರಳಿಸಲು ಹೋಗಿ ಸತ್ತವನಿಗೂ ಊರಳಿವಿನಲ್ಲಿ ಬಿದ್ದವನಿಗೂ ನಮ್ಮ ಹಿರಿಯರು ವೀರಗಲ್ಲು ನೆಟ್ಟರು. ಅವನ ಮನೆಯವರಿಗೆ ನೆತ್ತರುಗೊಡಗೆಯೆಂದು ಭೂಮಿ ಬಿಟ್ಟರು. ಬೆಂಗಳೂರೆಂಬ ಹೆಸರು ನಮಗೆ ದೊರೆಯುವ ಬೇಗೂರಿನ ಶಾಸನವೂ, ಸುಮಾರು ಕ್ರಿ.ಶ. 890ರದು, ಅಂಥದೊಂದು ಕಾಳಗದ ಸಾವನ್ನೇ ಹೇಳುತ್ತದೆ. ಅಲ್ಲಿ ಮಡಿದವನು ಅರಸನಲ್ಲ. ನಾಗತ್ತರನೆಂಬ ಅಧಿಕಾರಿಯ ಆಶ್ರಯದಲ್ಲಿದ್ದವನು. ಇಂದಿನ ರಸ್ತೆಯ ನಾಮಫಲಕಕ್ಕೆ ಆ ಕಲ್ಲಿನಷ್ಟು ಔದಾರ್ಯವಿಲ್ಲ. ಅದು ಬಹುಮಟ್ಟಿಗೆ ಸೇನಾಪತಿಗಳನ್ನೇ ಹುಡುಕಿಕೊಂಡು ಹೋಗುತ್ತದೆ.

ಇದಕ್ಕೆ ಅಪವಾದಗಳುಂಟು. ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತದ ದಕ್ಷಿಣ ಕಡಲಂಚಿನಲ್ಲಿ ಹಾದುಹೋಗುವ ‘ಗ್ರೇಟ್ ಓಷನ್ ರೋಡ್’ ಎಂಬ ಹೆದ್ದಾರಿಯನ್ನು ಮೊದಲನೆಯ ಮಹಾಯುದ್ಧದಿಂದ ಮರಳಿದ ಸುಮಾರು ಮೂರು ಸಾವಿರ ಯೋಧರು 1919ರಿಂದ 1932ರವರೆಗೆ ಗುದ್ದಲಿ ಪಿಕಾಸಿಗಳಿಂದ ಕಡಿದು, ಮಡಿದ ತಮ್ಮ ಸಂಗಾತಿಗಳಿಗೆ ಅರ್ಪಿಸಿದರು. ಅಮೆರಿಕೆಯ ನ್ಯೂಜೆರ್ಸಿಯಲ್ಲಿ ತೋಟಗಾರಿಕೆಯ ಸಂಘಗಳ ಮಹಿಳೆಯರು 1944ರಲ್ಲಿ ಹೆದ್ದಾರಿಯ ಬದಿಯಲ್ಲಿ ಹೂಮರಗಳನ್ನು ನೆಡಿಸಿ, ಯುದ್ಧಕ್ಕೆ ಮಕ್ಕಳನ್ನು ಕಳುಹಿದ ಮನೆಗಳ ಕಿಟಕಿಯಲ್ಲಿ ತೂಗುತ್ತಿದ್ದ ನೀಲಿ ನಕ್ಷತ್ರದ ಹೆಸರನ್ನು ಆ ದಾರಿಗೆ ಕೊಟ್ಟರು. ಎರಡರಲ್ಲಿಯೂ ಒಬ್ಬನ ಹೆಸರೆಂಬುದಿಲ್ಲ. ಸಾಮಾನ್ಯ ಸಿಪಾಯಿಗೂ ಪಾಲುಂಟು.

ನಾನು ಹೇಳಹೊರಟಿರುವುದಾದರೂ ಒಬ್ಬ ಸೇನಾಪತಿಯ ಹೆಸರಿನ ಸಂಗತಿಯೇ. ಮೆಡಿಟರೇನಿಯನ್ ಸಮುದ್ರದ ಸೈಪ್ರಸ್ ದ್ವೀಪದಲ್ಲಿ ಲಾರ್ನಾಕಾ ಎಂಬ ರೇವುಪಟ್ಟಣವಿದೆ. ಅಲ್ಲಿನ ವಿಶಾಲವಾದ ರಸ್ತೆಯೊಂದರ ಫಲಕದ ಮೇಲೆ ಗ್ರೀಕ್ ಲಿಪಿಯಲ್ಲಿ ‘ಸೇನಾಪತಿ ತಿಮಾಯಾ’ ಎಂದು ಬರೆದಿದೆ. ಆ ಅಕ್ಷರಗಳನ್ನು ರೋಮನ್ ಲಿಪಿಗೆ ಯಥಾವತ್ತಾಗಿ ಇಳಿಸಿದರೆ ‘ತಿಮಾಗಿಯಾ’ ಎಂದಾಗುವುದರಿಂದ, ಭೂಪಟದಲ್ಲಿ ಅದನ್ನು ಕಂಡ ಕನ್ನಡಿಗನು ಇದು ತನ್ನ ನೆರೆಮನೆಯ ಹೆಸರೆಂದು ಒಡನೆ ಅರಿಯಲಾರನು. ಈ ತಿಮಾಯಾ ಬೇರಾರೂ ಅಲ್ಲ, ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು.

1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದ ಅವರು ಎಳವೆಯಲ್ಲಿ ನೀಲಗಿರಿಯ ಕೂನೂರಿನಲ್ಲಿ ಓದಿದರೆಂಬುದು ಗಡಿಯಾಚೆಯ ಕನ್ನಡಿಗರಾದ ನಮಗೆ ಹಿತವಾದ ಸಂಗತಿ. ಬೆಂಗಳೂರು, ಡೆಹರಾಡೂನ್, ಕಡೆಗೆ ಸ್ಯಾಂಡ್‌ಹರ್ಸ್ಟ್ ಮುಗಿಸಿ 1926ರಲ್ಲಿ ಸೇನಾಧಿಕಾರಿಯಾದರು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ರಣರಂಗದಲ್ಲಿ ಪದಾತಿ ಬ್ರಿಗೇಡನ್ನು ನಡೆಸಿದ ಮೊದಲ ಭಾರತೀಯರೆಂಬ ಕೀರ್ತಿ ಅವರದು. ಆದರೆ ರಸ್ತೆಯ ಮಾತು ಬಂದಾಗ ನೆನೆಯಬೇಕಾದುದು ಜೋಜಿಲಾ ಕಣಿವೆಯನ್ನು. 1948ರಲ್ಲಿ ಶತ್ರುಗಳು ಲಡಾಖಿನ ದಾರಿಯನ್ನು ಆ ಕಣಿವೆಯಲ್ಲಿ ಕಟ್ಟಿಹಾಕಿದ್ದರು. ಸುಮಾರು ಹನ್ನೊಂದೂವರೆ ಸಾವಿರ ಅಡಿ ಎತ್ತರಕ್ಕೆ ಟ್ಯಾಂಕುಗಳನ್ನು ಹತ್ತಿಸುವೆವೆಂದರೆ ನಗುವವರೇ ಹೆಚ್ಚಿದ್ದ ಕಾಲವದು. ಹೇಸರಗತ್ತೆಗಳ ಕಾಲುದಾರಿಯನ್ನು ಅಗಲಮಾಡಿದವರು, ಬೆಂಗಳೂರನ್ನೇ ನೆಲೆಯಾಗಿಸಿಕೊಂಡ ಮದ್ರಾಸ್ ಸ್ಯಾಪರ್ಸ್ ದಳದವರು. ಆ ವರ್ಷದ ನವೆಂಬರ್ 1ರಂದು 7ನೆಯ ಕ್ಯಾವಲ್ರಿಯ ಟ್ಯಾಂಕುಗಳು ಆ ದಾರಿಯಲ್ಲಿ ಏರಿ ಹೋಗಿ ಕಣಿವೆಯನ್ನು ಬಿಡಿಸಿದವು. ದಾರಿಗೆ ಹೆಸರಾಗುವ ಮುನ್ನ ದಾರಿಯನ್ನೇ ತೆರೆಸಿದ ಸೇನಾಪತಿಯವರು.

1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದು ನಿವೃತ್ತರಾದ ತಿಮ್ಮಯ್ಯನವರಿಗೆ ಮತ್ತೊಂದು ಕರೆ ಬಂದಿತು. 1960ರಲ್ಲಿ ಸ್ವತಂತ್ರವಾದ ಸೈಪ್ರಸ್ಸಿನಲ್ಲಿ ಗ್ರೀಕರೂ ತುರ್ಕರೂ 1963ರ ಡಿಸೆಂಬರಿನಲ್ಲಿ ಪರಸ್ಪರ ಕಾದಾಡತೊಡಗಿದ್ದರು. ನಿಕೋಸಿಯಾ ನಗರದ ಭೂಪಟದ ಮೇಲೆ ಬ್ರಿಟಿಷ್ ಸೇನಾಧಿಕಾರಿಯೊಬ್ಬನು ಹಸಿರು ಪೆನ್ಸಿಲಿನಿಂದ ಗೆರೆಯೆಳೆದು ಊರನ್ನೇ ಎರಡಾಗಿಸಿದ್ದನು. ಗಡಿಯ ಗೆರೆ ಎಷ್ಟು ಸುಲಭವಾಗಿ ಎಳೆಯಲ್ಪಡುತ್ತದೆಂಬುದನ್ನು ಈ ಸಂಚಿಕೆಯ ವಾಚಕರಿಗೆ ನಾನು ಬಣ್ಣಿಸಬೇಕಾಗಿಲ್ಲ. 1964ರ ಮಾರ್ಚಿಯಲ್ಲಿ ವಿಶ್ವಸಂಸ್ಥೆ ಅಲ್ಲಿಗೆ ಶಾಂತಿಪಾಲನಾ ಪಡೆಯನ್ನು ಕಳುಹಿತು. ಭಾರತದ ಜನರಲ್ ಗ್ಯಾನಿ ಅದರ ಮೊದಲ ದಳಪತಿ. ಅವರ ತರುವಾಯ ಜುಲೈಯಲ್ಲಿ ತಿಮ್ಮಯ್ಯನವರು ಬಂದರು. ಮುಂದಿನ ತಿಂಗಳಲ್ಲಿಯೇ ದ್ವೀಪದ ವಾಯವ್ಯ ಭಾಗದಲ್ಲಿ ಘೋರ ಕದನವಾಗಿ ತುರ್ಕಿಯ ವಿಮಾನಗಳು ಬಾಂಬು ಸುರಿದವು. ಪಡೆಯಲ್ಲಿ ಬ್ರಿಟನ್, ಕೆನಡಾ, ಸ್ವೀಡನ್, ಐರ್ಲೆಂಡ್ ಮೊದಲಾದ ದೇಶಗಳ ಸೈನಿಕರಿದ್ದರು. ಶಾಂತಿಪಾಲಕನಿಗೆ ಇಬ್ಬರೂ ಬೈಯುವುದು ಲೋಕರೂಢಿ. ಆದರೂ ತಿಮ್ಮಯ್ಯನವರು ಆ ದ್ವೀಪದಲ್ಲಿ ಗೌರವ ಸಂಪಾದಿಸಿದರು. 1965ರ ಡಿಸೆಂಬರಿನಲ್ಲಿ, ಅಧಿಕಾರದಲ್ಲಿರುವಾಗಲೇ, ಹೃದಯಾಘಾತದಿಂದ ಅಲ್ಲಿಯೇ ತೀರಿಕೊಂಡರು. ಸೈಪ್ರಸ್ ಸರಕಾರ 1966ರಲ್ಲಿ ಅವರ ಭಾವಚಿತ್ರದ ಅಂಚೆಚೀಟಿಯನ್ನು ಹೊರಡಿಸಿತು. ಲಾರ್ನಾಕಾ ತನ್ನ ಬೀದಿಗೆ ಅವರ ಹೆಸರಿಟ್ಟಿತು. ಗೆದ್ದುದಕ್ಕಾಗಿ ಕೊಟ್ಟ ಹೆಸರಲ್ಲ ಅದು, ಕಾದಾಡುವವರ ನಡುವೆ ನಿಂತುದಕ್ಕಾಗಿ ಕೊಟ್ಟುದು. ಇಂಥ ಫಲಕಗಳು ಲೋಕದಲ್ಲಿ ವಿರಳ. 1974ರಲ್ಲಿ ದ್ವೀಪವೇ ಇಬ್ಭಾಗವಾಯಿತು. ಆ ಹೆಸರು ಅಳಿಯಲಿಲ್ಲ.

ತಾಯ್ನಾಡಿನ ಕಥೆ ಸ್ವಲ್ಪ ಬೇರೆ. ಬೆಂಗಳೂರಿನ ರೆಸಿಡೆನ್ಸಿ ರಸ್ತೆಗೆ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಹೆಸರನ್ನೂ, ಅದರ ನೆರೆಯ ರಿಚ್ಮಂಡ್ ರಸ್ತೆಗೆ ಜನರಲ್ ತಿಮ್ಮಯ್ಯನವರ ಹೆಸರನ್ನೂ ಇಡಲಾಗಿದೆ. ಒಂದೇ ಕೊಡಂದೇರ ಒಕ್ಕದ ಇಬ್ಬರು ಹೀಗೆ ನೆರೆಬೀದಿಗಳವರಾದುದು ಚಂದವೇ. ಆದರೆ ಆಟೋದವನಿಗೆ ‘ಜನರಲ್ ತಿಮ್ಮಯ್ಯ ರಸ್ತೆ’ ಎಂದು ನೋಡಿರಿ. ಅವನು ತಿರುಗಿ ಮುಖ ನೋಡುವನು. ‘ರಿಚ್ಮಂಡ್ ರೋಡ್’ ಎಂದರೆ ಒಡನೆಯೇ ಗಾಡಿ ಹೊರಡುವುದು. ಅವನನ್ನು ದೂರಿ ಫಲವಿಲ್ಲ. ಹಳೆಯ ಹೆಸರಿನ ಮೇಲೆ ಹೊಸದನ್ನು ಹಚ್ಚಿದರೆ ಫಲಕ ಬದಲಾಗುವುದು, ಬಾಯಿ ಬದಲಾಗುವುದಿಲ್ಲ. ಅಂಗಡಿಯ ಬಿಲ್ಲು, ಶಾಲೆಯ ವಿಳಾಸ, ಬಸ್ಸಿನ ನಿಲ್ದಾಣ ಇವೆಲ್ಲವೂ ಹಳೆಯದನ್ನೇ ಹಿಡಿದಿರುವಾಗ ಸರಕಾರದ ಆಜ್ಞೆಯೊಂದೇ ಎಷ್ಟು ದೂರ ನಡೆದೀತು? ರಿಚ್ಮಂಡನು ಯಾರೆಂದು ಆ ಬೀದಿಯಲ್ಲಿ ಹತ್ತುಮಂದಿಯನ್ನು ಕೇಳಿದರೂ ಉತ್ತರ ಬಾರದೆಂಬುದು ಇಲ್ಲಿನ ವಿನೋದ.

ಕೊಡಗಿನವರು ಈ ವಿಷಯದಲ್ಲಿ ಹೆಚ್ಚು ಜಾಗರೂಕರು. ಮಡಿಕೇರಿಯಲ್ಲಿ ತಿಮ್ಮಯ್ಯನವರು ಬೆಳೆದ ‘ಸನ್ನಿಸೈಡ್’ ಮನೆಯನ್ನು ವಸ್ತುಸಂಗ್ರಹಾಲಯವಾಗಿ ಮಾರ್ಪಡಿಸಲಾಯಿತು. 2021ರ ಫೆಬ್ರುವರಿಯಲ್ಲಿ ರಾಷ್ಟ್ರಪತಿ ರಾಮನಾಥ ಕೋವಿಂದರು ಅದನ್ನು ಉದ್ಘಾಟಿಸಿದರು. ಸುಳ್ಯದ ಘಟ್ಟವೇರಿ ಮಡಿಕೇರಿಗೆ ಹೋಗುವ ನಮ್ಮವರು ಒಂದು ಗಳಿಗೆ ಅಲ್ಲಿ ಇಳಿದು ನೋಡಬಹುದು.