ನಗರದ ಪಯಣಗಳನ್ನು ಎಣಿಸಿದ ಕಥೆ

ನಗರವೊಂದಕ್ಕೆ ಹೊಸ ಮೇಲ್ಸೇತುವೆ ಬೇಕೇ, ಇನ್ನಷ್ಟು ಬಸ್ಸುಗಳಿದ್ದರೆ ಸಾಕೇ? ಇದನ್ನು ತೀರ್ಮಾನಿಸಲು ಎಷ್ಟು ಜನ, ಎಲ್ಲಿಂದ ಎಲ್ಲಿಗೆ, ಯಾವ ವಾಹನದಲ್ಲಿ ಹೋಗುತ್ತಾರೆಂಬುದು ತಿಳಿದಿರಬೇಕು. ರಸ್ತೆಬದಿಯಲ್ಲಿ ನಿಂತು ವಾಹನಗಳನ್ನು ಎಣಿಸಿದರೆ ಸಾಲದು. ಕಣ್ಣೆದುರು ಹಾದುಹೋದ ಕಾರು ಎಲ್ಲಿಂದ ಹೊರಟಿತೆಂಬುದು ಅದರಿಂದ ಗೊತ್ತಾಗುವುದಿಲ್ಲ.

ಕಂಪ್ಯೂಟರ್ ನೆರವಿನಿಂದ ಇದಕ್ಕೆ ಉತ್ತರ ಹುಡುಕಿದ ಆರಂಭಿಕ ದೊಡ್ಡ ಪ್ರಯತ್ನಗಳಲ್ಲಿ ಒಂದು ಅಮೆರಿಕದ ಷಿಕಾಗೋದಲ್ಲಿ ನಡೆಯಿತು. 1950ರ ದಶಕದ ಮಧ್ಯಭಾಗದಲ್ಲಿ ಜೆ. ಡಗ್ಲಸ್ ಕ್ಯಾರಲ್ ನೇತೃತ್ವದ ತಂಡ ಮನೆಮನೆಗೆ ಹೋಗಿ, ಮನೆಯವರ ದಿನದ ಪಯಣಗಳನ್ನು ಕೇಳಿ ಬರೆದುಕೊಂಡಿತು. ಉತ್ತರಗಳನ್ನು ರಂಧ್ರ ಕೊರೆದ ಕಾರ್ಡುಗಳಿಗೆ ಇಳಿಸಲಾಯಿತು. ಕಾರ್ಟೋಗ್ರಾಫಟ್ರಾನ್ ಎಂಬ ಸಾಧನ ಪ್ರತಿ ಪಯಣವನ್ನೂ ಕ್ಯಾಥೋಡ್ ಕಿರಣ ನಳಿಕೆಯ ಪರದೆಯ ಮೇಲೆ ಬೆಳಕಿನ ಗೆರೆಯಾಗಿ ಮೂಡಿಸುತ್ತಿತ್ತು. ಆ ಗೆರೆಗಳೆಲ್ಲ ಒಂದೇ ಛಾಯಾಚಿತ್ರದಲ್ಲಿ ಸೇರಿದಾಗ, ಪಯಣ ಹೆಚ್ಚಿರುವ ದಿಕ್ಕುಗಳು ಹೊಳೆದು ಕಾಣುತ್ತಿದ್ದವು.

ಇಂಥ ಅಧ್ಯಯನಗಳಿಂದ ನಾಲ್ಕು ಹಂತಗಳ ಲೆಕ್ಕಾಚಾರ ರೂಪುಗೊಂಡಿತು. ಪ್ರತಿ ಬಡಾವಣೆಯಿಂದ ಎಷ್ಟು ಪಯಣಗಳು ಹೊರಡುತ್ತವೆ? ಅವು ಯಾವ ಬಡಾವಣೆಗಳಿಗೆ ಹಂಚಿಹೋಗುತ್ತವೆ? ಅವುಗಳಲ್ಲಿ ಬಸ್ಸಿನ ಪಾಲೆಷ್ಟು, ಕಾರಿನ ಪಾಲೆಷ್ಟು? ಕೊನೆಗೆ, ಯಾವ ರಸ್ತೆಯ ಮೇಲೆ ಎಷ್ಟು ಹೊರೆ ಬೀಳುತ್ತದೆ? ಎರಡನೆಯ ಹಂತಕ್ಕೆ ನ್ಯೂಟನ್ನನ ಗುರುತ್ವ ನಿಯಮವನ್ನು ಹೋಲುವ ಸೂತ್ರವೊಂದು ವ್ಯಾಪಕ ಬಳಕೆಗೆ ಬಂತು. ಬಡಾವಣೆಗಳು ದೊಡ್ಡವಾದಷ್ಟೂ ಅವುಗಳ ನಡುವಿನ ಪಯಣ ಹೆಚ್ಚು. ದೂರ ಬೆಳೆದಷ್ಟೂ ಕಡಿಮೆ.

1962ರ ಕಾಯಿದೆಯೊಂದು 50,000ಕ್ಕಿಂತ ಹೆಚ್ಚು ಜನಸಂಖ್ಯೆಯ ಅಮೆರಿಕದ ನಗರ ಪ್ರದೇಶಗಳಿಗೆ ಸಾರಿಗೆ ಯೋಜನೆಯನ್ನು ಕಡ್ಡಾಯಗೊಳಿಸಿತು. ಇದಕ್ಕೆ ಬೇಕಾದ ತಂತ್ರಾಂಶಗಳನ್ನು ಸರ್ಕಾರಿ ಇಲಾಖೆಗಳೇ ಬರೆಸಿ ಹಂಚಿದವು. 1970ರ ದಶಕದ ಯುಟಿಪಿಎಸ್ ಅವುಗಳಲ್ಲಿ ಪ್ರಸಿದ್ಧ. 1980ರ ದಶಕದಲ್ಲಿ ಪರ್ಸನಲ್ ಕಂಪ್ಯೂಟರ್ ಬಂದಾಗ ಖಾಸಗಿ ತಂತ್ರಾಂಶಗಳು ಆ ಸ್ಥಾನವನ್ನು ಆಕ್ರಮಿಸಿದವು. ಬಳಸಲು ಅವು ಸುಲಭ; ಆದರೆ ಒಳಗಿನ ಲೆಕ್ಕ ಹೊರಗಿನವರಿಗೆ ಕಾಣುವಂತಿರಲಿಲ್ಲ.

ಒಳಗಿನ ಲೆಕ್ಕವನ್ನು ನಾವೇಕೆ ನೋಡಬೇಕು ಎನ್ನುವಿರಾ? 1989ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಪ್ರದೇಶದ ಪರಿಸರ ಸಂಘಟನೆಗಳು ನ್ಯಾಯಾಲಯದ ಮೆಟ್ಟಿಲೇರಿದವು. ಹೆದ್ದಾರಿ ಅಗಲವಾದರೆ ಹೊಸ ಬಡಾವಣೆಗಳೂ ಹೊಸ ಸಂಚಾರವೂ ಹುಟ್ಟುತ್ತವೆ. ಸಾರಿಗೆ ಸಂಸ್ಥೆಯ ಮಾದರಿ ಇದನ್ನು ಲೆಕ್ಕಕ್ಕೇ ಹಿಡಿದಿಲ್ಲ ಎಂಬುದು ಅವುಗಳ ವಾದಗಳಲ್ಲಿ ಒಂದು. ಸಂಸ್ಥೆ ತನ್ನ ವಿಧಾನವನ್ನು ಪರಿಷ್ಕರಿಸಬೇಕಾಯಿತು. ಗುಣಾಕಾರ, ಭಾಗಾಕಾರ ಸರಿಯಿದ್ದರೂ ಅದರ ಹಿಂದಿನ ಗೃಹೀತ ತಪ್ಪಿರಬಹುದೆಂಬುದು ಇಲ್ಲಿನ ಪಾಠ.

ಮೂಲ ಸಂಕೇತವನ್ನು ಯಾರು ಬೇಕಾದರೂ ಓದಿ ತಿದ್ದಬಹುದಾದ ಮುಕ್ತ ತಂತ್ರಾಂಶಗಳ ಮಹತ್ವ ಇರುವುದು ಇಲ್ಲಿಯೇ. ಜರ್ಮನಿಯ ವ್ಯೋಮಯಾನ ಸಂಶೋಧನಾ ಕೇಂದ್ರ ಡಿಎಲ್‌ಆರ್ 2001ರಲ್ಲಿ ಸುಮೋ ಎಂಬ ಸಂಚಾರ ಅನುಕರಣ ತಂತ್ರಾಂಶವನ್ನು ಬಿಡುಗಡೆ ಮಾಡಿತು. ಮ್ಯಾಟ್‌ಸಿಮ್ ಇನ್ನೂ ಮುಂದೆ ಹೋಗಿ, ಒಬ್ಬೊಬ್ಬ ವ್ಯಕ್ತಿಯ ದಿನಚರಿಯನ್ನೇ ಅನುಕರಿಸುತ್ತದೆ. 2004ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಇವಕ್ಕೆ ಮುಕ್ತ ರಸ್ತೆ ನಕ್ಷೆಯನ್ನು ಒದಗಿಸಿತು. ದತ್ತಾಂಶ ಸಂಗ್ರಹಕ್ಕೂ ಮುಕ್ತ ಸಾಧನಗಳಿವೆ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಇ-ಮಿಷನ್, ಮೊಬೈಲ್ ಫೋನಿನ ಜಿಪಿಎಸ್ ಮತ್ತು ಚಲನ ಸಂವೇದಕಗಳಿಂದ ಪಯಣವನ್ನು ದಾಖಲಿಸಿ, ಅದು ನಡಿಗೆಯೋ ಸೈಕಲ್ಲೋ ವಾಹನವೋ ಎಂದು ಊಹಿಸುತ್ತದೆ.

ಒಂದು ಎಚ್ಚರ: ತಂತ್ರಾಂಶ ಮುಕ್ತವಾದ ಮಾತ್ರಕ್ಕೆ ದತ್ತಾಂಶವೂ ಬಯಲಾಗಬಾರದು. ಹೆಸರು ಅಳಿಸಿದರೂ, ರಾತ್ರಿ ತಂಗುವ ಜಾಗ ಮತ್ತು ಹಗಲು ದುಡಿಯುವ ಜಾಗ ತಿಳಿದರೆ ವ್ಯಕ್ತಿಯನ್ನು ಗುರುತಿಸುವುದು ಕಷ್ಟವಲ್ಲ. ಫೋನು ಏನನ್ನು ದಾಖಲಿಸುತ್ತಿದೆ, ಎಲ್ಲಿಗೆ ಕಳಿಸುತ್ತಿದೆ ಎಂಬುದನ್ನು ಪರೀಕ್ಷಿಸಲು ಸಹ ಮೂಲ ಸಂಕೇತ ಮುಕ್ತವಾಗಿರುವುದು ನೆರವಾಗುತ್ತದೆ.

ನಿಮ್ಮ ತರಗತಿಯಲ್ಲೂ ಒಂದು ಸಣ್ಣ ಸಮೀಕ್ಷೆ ನಡೆಸಬಹುದು. ವಿದ್ಯಾರ್ಥಿಗಳು ಯಾವ ಬಡಾವಣೆಯಿಂದ, ಹೇಗೆ ಶಾಲೆಗೆ ಬರುತ್ತಾರೆಂದು ಹೆಸರಿಲ್ಲದೆ ಬರೆದುಕೊಳ್ಳಿ. ಊರಿನ ನಕ್ಷೆಯ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಗೆರೆ ಎಳೆಯಿರಿ. ಬಸ್ಸು ಯಾವ ದಾರಿಯಲ್ಲಿ ಬೇಕೆಂಬುದನ್ನು ಆ ಗೆರೆಗಳೇ ಹೇಳುತ್ತವೆ.