ಮೊದಲು ಯಾವುದು, ಆಮೇಲೆ ಯಾವುದು

1984ರ ಜೂನ್ 18, ಸೋಮವಾರ. ಇಂಗ್ಲೆಂಡಿನ ದಕ್ಷಿಣ ಯಾರ್ಕ್‌ಶೈರ್ ಸೀಮೆಯ ಆರ್‌ಗ್ರೀವ್ ಎಂಬ ಸಣ್ಣ ಊರು. ಅಲ್ಲೊಂದು ಕೋಕ್ ಕಾರ್ಖಾನೆಯಿತ್ತು. ಕಲ್ಲಿದ್ದಲನ್ನು ಗಾಳಿಯಾಡದ ಗೂಡಿನಲ್ಲಿ ಬೇಯಿಸಿ ತೆಗೆಯುವ ಈ ಕೋಕ್ ಇಲ್ಲದೆ ಉಕ್ಕಿನ ಕುಲುಮೆ ನಡೆಯದು. ಅದನ್ನು ತುಂಬಿಕೊಂಡ ಲಾರಿಗಳು ಸ್ಕನ್‌ಥಾರ್ಪ್‌ನ ಉಕ್ಕಿನ ಕಾರ್ಖಾನೆಗೆ ಹೋಗಬೇಕು. ಗಣಿ ಮುಚ್ಚುವುದನ್ನು ವಿರೋಧಿಸಿ ಮಾರ್ಚ್‌ನಿಂದಲೂ ಮುಷ್ಕರ ಹೂಡಿದ್ದ ಗಣಿ ಕಾರ್ಮಿಕರು ಆ ಲಾರಿಗಳನ್ನು ತಡೆಯಲು ಸಾವಿರಗಟ್ಟಲೆ ಸೇರಿದ್ದರು. ಎದುರಿಗೆ ಪೊಲೀಸರೂ ಸಾವಿರಗಟ್ಟಲೆ. ಉದ್ದ ಗುರಾಣಿ ಹಿಡಿದವರ ಸಾಲು, ಅದರ ಹಿಂದೆ ಕುದುರೆಗಳು, ಗಿಡ್ಡ ಗುರಾಣಿ ಮತ್ತು ಲಾಠಿ ಹಿಡಿದ ಹೊಸ ತುಕಡಿಗಳು. ಬಿಸಿಲು ಚುರುಕಾಗಿತ್ತು. ಕಾರ್ಮಿಕರಲ್ಲಿ ಅನೇಕರು ಅಂಗಿ ಕಳಚಿ, ಬರೀ ಪ್ಯಾಂಟಿನಲ್ಲಿ ಹೊಲದಲ್ಲಿ ನಿಂತಿದ್ದರು.

ಆ ಸಂಜೆ ಬಿಬಿಸಿ ಟೀವಿ ಸುದ್ದಿ ನೋಡಿದವರಿಗೆ ಕಥೆ ಸರಳವಾಗಿತ್ತು. ಕಾರ್ಮಿಕರು ಕಲ್ಲು ತೂರಿದರು, ಪೊಲೀಸರು ಕುದುರೆ ನುಗ್ಗಿಸಿದರು. ತೆರೆಯ ಮೇಲೆ ಕಂಡದ್ದು ಆ ಕ್ರಮದಲ್ಲೇ. ಹೊಲದಲ್ಲಿ ನಡೆದದ್ದು ತಿರುಗುಮುರುಗಾಗಿತ್ತು. ಲಾರಿಗಳು ಬಂದಾಗ ತಳ್ಳಾಟವಾಗಿದ್ದೂ ಉಂಟು, ಅಲ್ಲೊಂದು ಇಲ್ಲೊಂದು ಕಲ್ಲು ಬಿದ್ದದ್ದೂ ಉಂಟು. ಆದರೆ ಟೀವಿಯಲ್ಲಿ ಕಂಡ ಆ ಕಲ್ಲಿನ ಮಳೆ ಸುರಿದದ್ದು ಕುದುರೆಗಳು ನುಗ್ಗಿದ ಮೇಲೆ.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಒಂದೇ ಒಂದು ಸುಳ್ಳು ದೃಶ್ಯ ಅದರಲ್ಲಿರಲಿಲ್ಲ. ಕಲ್ಲು ನಿಜ, ಕುದುರೆ ನಿಜ, ಜಾಗ ನಿಜ, ದಿನ ನಿಜ. ಬದಲಾದದ್ದು ಜೋಡಣೆ ಮಾತ್ರ. ನಮ್ಮ ಭಾಷೆಯಲ್ಲಿ 'ಕುದುರೆ ನುಗ್ಗಿದ್ದರಿಂದ ಕಲ್ಲು ತೂರಿದರು' ಎಂದರೆ ಹಿಂದೆ ಯಾವುದು, ಮುಂದೆ ಯಾವುದು, ಯಾವುದು ಯಾವುದಕ್ಕೆ ಕಾರಣ ಎಂಬುದೆಲ್ಲ ಆ 'ದ್ದರಿಂದ'ದಲ್ಲೇ ಇದೆ. ಅದನ್ನು ತಿರುಗಿಸಬೇಕಾದರೆ ಬಾಯಿಬಿಟ್ಟು ಸುಳ್ಳು ಹೇಳಬೇಕು. ಚಿತ್ರಕ್ಕೆ ಅಂಥ ಪ್ರತ್ಯಯಗಳಿಲ್ಲ. ಒಂದರ ಪಕ್ಕ ಒಂದು ಇಟ್ಟರೆ ಸಾಕು, 'ಆದ್ದರಿಂದ' ಎಂಬುದನ್ನು ನೋಡುವವನೇ ಮನಸ್ಸಿನಲ್ಲಿ ಸೇರಿಸಿಕೊಳ್ಳುತ್ತಾನೆ. ರಷ್ಯಾದ ಲೆವ್ ಕುಲೆಶೊವ್ ಇದನ್ನು ಕಳೆದ ಶತಮಾನದ ಆರಂಭದ ದಶಕಗಳಲ್ಲೇ ಸಿನಿಮಾದವರಿಗೆ ತೋರಿಸಿಕೊಟ್ಟಿದ್ದ. ಸುದ್ದಿಮನೆಯ ಕತ್ತರಿಗೂ ಅದೇ ಶಕ್ತಿ.

ಅದೇ ದಿನ ಐಟಿಎನ್ ಸುದ್ದಿಯಲ್ಲಿ ಪೊಲೀಸನೊಬ್ಬ ಕಾರ್ಮಿಕನೊಬ್ಬನ ತಲೆಗೆ ಲಾಠಿಯಿಂದ ಮತ್ತೆ ಮತ್ತೆ ಬಡಿಯುವುದು ಕಾಣಿಸಿತು. ಬಿಬಿಸಿ ನೋಡಿದವರಿಗೆ ಅದು ಕಾಣಲಿಲ್ಲ.

ಇದು ಬರೀ ಮರ್ಯಾದೆಯ ಪ್ರಶ್ನೆಯಾಗಿರಲಿಲ್ಲ. 95 ಜನರ ಮೇಲೆ ಗಲಭೆ, ಹಿಂಸೆಯ ಆರೋಪ ಹೊರಿಸಲಾಯಿತು. ಗಲಭೆಯ ಆರೋಪ ಸಾಬೀತಾದರೆ ಆಗಿನ ಕಾನೂನಿನಲ್ಲಿ ಜೀವಾವಧಿ ಶಿಕ್ಷೆಯವರೆಗೂ ಹೋಗಬಹುದಿತ್ತು. ಇಂಥವರ ಪ್ರಕರಣವನ್ನು ತೂಗಬೇಕಾದ ಜ್ಯೂರಿಯ ಜನ ಯಾರು? ಮನೆಯಲ್ಲಿ ಕೂತು ಟೀವಿ ನೋಡುವ ಜನವೇ ತಾನೆ. ಮೊದಲ ತಂಡದ 15 ಜನರ ವಿಚಾರಣೆ 1985ರಲ್ಲಿ ಷೆಫೀಲ್ಡ್‌ನಲ್ಲಿ ನಡೆಯಿತು. ಅಲ್ಲಿ ಅವರನ್ನು ಉಳಿಸಿದ ಸಾಕ್ಷಿಗಳಲ್ಲಿ ಒಂದು, ವಿಚಿತ್ರವೆಂದರೆ, ಪೊಲೀಸರೇ ತೆಗೆಸಿದ್ದ ವಿಡಿಯೊ. ಅದರಲ್ಲಿ ಮೊದಲು ಕುದುರೆ ನುಗ್ಗುವುದು, ಆಮೇಲೆ ಕಲ್ಲು ಹಾರುವುದು ಕಂಡಿತು. ಪಾಟೀ ಸವಾಲಿನಲ್ಲಿ ಇನ್ನೊಂದು ಸಂಗತಿಯೂ ಹೊರಬಿತ್ತು. ಹಲವು ಪೊಲೀಸರ ಹೇಳಿಕೆಗಳ ಆರಂಭದ ಭಾಗವನ್ನು ಪತ್ತೇದಾರರು ಬಾಯಲ್ಲಿ ಹೇಳಿ ಬರೆಸಿದ್ದರು, ಬೇರೆ ಬೇರೆಯವರ ಕೈಬರಹದಲ್ಲಿ ಒಂದೇ ಮಾತು. ವಿಚಾರಣೆಯ 48ನೇ ದಿನ, ಜುಲೈನಲ್ಲಿ, ಸರ್ಕಾರಿ ವಕೀಲರು ಮೊಕದ್ದಮೆಯನ್ನು ಕೈಬಿಟ್ಟರು. ಉಳಿದವರ ಮೇಲಿನ ಕೇಸುಗಳೂ ಬಿದ್ದುಹೋದವು. ಅಷ್ಟರಲ್ಲಿ ಮುಷ್ಕರವೇ ಮುಗಿದು ಕಾರ್ಮಿಕರು ಸೋತು ನಾಲ್ಕು ತಿಂಗಳಾಗಿತ್ತು.

ಬಿಬಿಸಿ ಏನೆಂದಿತು? 1991ರ ಪತ್ರವೊಂದರಲ್ಲಿ ಅದು ಘಟನೆಗಳ ಕ್ರಮ ಅದಲುಬದಲಾದದ್ದನ್ನು ಒಪ್ಪಿಕೊಂಡಿತು. ತಪ್ಪು ಗಂಭೀರವಾದದ್ದೇ, ಆದರೆ ಸುದ್ದಿ ಜೋಡಿಸುವ ಅವಸರದಲ್ಲಿ ಗೊತ್ತಿಲ್ಲದೆ ಆದದ್ದು ಎಂಬುದು ಅದರ ವಿವರಣೆ. ಕಾರ್ಮಿಕರಲ್ಲಿ ಅನೇಕರು ಇದನ್ನು ಇವತ್ತಿಗೂ ನಂಬುವುದಿಲ್ಲ. ನಾನು ನಂಬಲು ಸಿದ್ಧನಿದ್ದೇನೆ. ನಂಬಿದರೆ ವಿಷಯ ಇನ್ನಷ್ಟು ಕಳವಳಕಾರಿಯಾಗುತ್ತದೆ. ಅವಸರದಲ್ಲಿರುವ ಕೈ ಮನಸ್ಸಿನಲ್ಲಿ ಆಗಲೇ ಇರುವ ಕಥೆಯ ಕಡೆಗೇ ಹೊರಳುತ್ತದೆ. ಗಣಿ ಕಾರ್ಮಿಕರೆಂದರೆ ಪುಂಡರ ಗುಂಪು, ಪೊಲೀಸರೆಂದರೆ ತಡೆದು ನಿಂತವರು ಎಂಬ ಕಥೆಯನ್ನು ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಮತ್ತು ಬಹುಪಾಲು ಪತ್ರಿಕೆಗಳು ತಿಂಗಳುಗಟ್ಟಲೆ ಹೇಳಿದ್ದವು. ಆ ಕಥೆಗೆ ಹೊಂದುವಂತೆ ಚಿತ್ರ ಜೋಡಿಸಿದಾಗ ಸುದ್ದಿಮನೆಯಲ್ಲಿ ಯಾರಿಗೂ ಏನೂ ತಪ್ಪಿದಂತೆ ಅನ್ನಿಸಿರಲಿಕ್ಕಿಲ್ಲ. ತಿರುಗುಮುರುಗಾದದ್ದು ಕಾರ್ಮಿಕರ ಪರವಾಗಿದ್ದರೆ ಪ್ರಸಾರಕ್ಕೆ ಮುಂಚೆ ಯಾರಾದರೂ 'ತಡಿ, ಇನ್ನೊಮ್ಮೆ ನೋಡೋಣ' ಅನ್ನುತ್ತಿದ್ದರು ಎಂಬುದು ನನ್ನ ಗುಮಾನಿ.

ಅದೇ ವರ್ಷದ ಅಕ್ಟೋಬರ್ 31ರಂದು ಇಂದಿರಾ ಗಾಂಧಿಯವರ ಸಾವಿನ ಸುದ್ದಿಯನ್ನು ಆಕಾಶವಾಣಿ ಸಂಜೆಯವರೆಗೂ ಹೇಳದೆ ಕೂತಾಗ, ಭಾರತದ ಜನ ಕಿವಿಗೊಟ್ಟದ್ದು ಬಿಬಿಸಿ ರೇಡಿಯೊಗೆ. ಆ ನಂಬಿಕೆ ಹುಸಿಯಾಗಿರಲಿಲ್ಲ. ತನ್ನ ಮನೆಯಂಗಳದ ಜಗಳದಲ್ಲಿ ಎಡವಿದ ಸಂಸ್ಥೆಯೂ, ನಮ್ಮ ಮನೆಯ ಸಾವನ್ನು ನಮಗಿಂತ ಮೊದಲು ಸರಿಯಾಗಿ ಹೇಳಿದ ಸಂಸ್ಥೆಯೂ ಒಂದೇ.

1991ರಲ್ಲಿ ದಕ್ಷಿಣ ಯಾರ್ಕ್‌ಶೈರ್ ಪೊಲೀಸ್ ಇಲಾಖೆ 39 ಜನ ಕಾರ್ಮಿಕರಿಗೆ 4,25,000 ಪೌಂಡ್ ಪರಿಹಾರ ಕೊಟ್ಟಿತು, ತಪ್ಪು ಒಪ್ಪಿಕೊಳ್ಳದೆ. ಪೊಲೀಸರಲ್ಲಿ ಒಬ್ಬರ ಮೇಲೂ ಮೊಕದ್ದಮೆ ನಡೆಯಲಿಲ್ಲ. 2016ರಲ್ಲಿ ತನಿಖೆಯ ಬೇಡಿಕೆಯನ್ನು ಅಲ್ಲಿನ ಸರ್ಕಾರ ತಳ್ಳಿಹಾಕಿತು. 2025ರ ಜುಲೈನಲ್ಲಿ ಇನ್ನೊಂದು ಸರ್ಕಾರ, ಷೆಫೀಲ್ಡ್‌ನ ಬಿಷಪ್ಪರ ಅಧ್ಯಕ್ಷತೆಯಲ್ಲಿ, ಶಾಸನಬದ್ಧ ವಿಚಾರಣೆಯನ್ನು ಘೋಷಿಸಿತು. ಅಂಗಿ ಕಳಚಿ ಬಿಸಿಲಿನಲ್ಲಿ ನಿಂತಿದ್ದ ಹುಡುಗರು ಈಗ ಅರವತ್ತು ದಾಟಿದ್ದಾರೆ. ಆಗ ನಡುವಯಸ್ಸಿನಲ್ಲಿದ್ದವರಲ್ಲಿ ಎಷ್ಟೋ ಜನ ಉಳಿದಿಲ್ಲ. ಕೋಕ್ ಕಾರ್ಖಾನೆಯನ್ನೂ ಕೆಡವಿ ಬಹಳ ಕಾಲವಾಯಿತು. ಆ ಜಾಗದಲ್ಲಿ ಈಗ ಹೊಸ ಬಡಾವಣೆಯ ಮನೆಗಳೆದ್ದಿವೆ.