ಬೆಳಕಿನ ಲಾಗ್ ಲೇಖನವೂ ಅದರ ಸಂರಕ್ಷಣೆಯೂ

ಚಲಚ್ಚಿತ್ರಗಳನ್ನು ಅಂಕರೂಪಕ್ಕೆ ಇಳಿಸಿ ಕಾಪಿಡುವ ಕಾರ್ಯವು ಈಚೆಗೆ ಅನೇಕ ದೇಶಗಳ ಸಂಗ್ರಹಾಲಯಗಳಲ್ಲಿ ನಡೆದಿದೆ. ಇದು ಯಂತ್ರಜ್ಞರ ವಿಷಯ, ಸಾಹಿತ್ಯಪರಿಶೋಧಕರಿಗೆ ಇದರಿಂದ ಆಗಬೇಕಾದುದೇನು ಎಂದು ಮೇಲುನೋಟಕ್ಕೆ ತೋರಬಹುದು. ಆದರೆ ಗ್ರಂಥಸಂಪಾದನೆಯಲ್ಲಿ ಕೈಯಾಡಿಸಿದವರಿಗೆ ಇಲ್ಲಿಯ ತೊಡಕು ಹೊಸದೆನಿಸದು. ಹಳಗನ್ನಡ ಕಾವ್ಯಗಳ ಓಲೆಯ ಪ್ರತಿಗಳನ್ನು ಬರೆದ ಈಚಿನ ಲಿಪಿಕಾರರು ಎಷ್ಟೋ ಎಡೆಗಳಲ್ಲಿ ಱಕಾರಕ್ಕೆ ರಕಾರವನ್ನೂ ೞಕಾರಕ್ಕೆ ಳಕಾರವನ್ನೂ ಬರೆದುಬಿಟ್ಟರು. ಅವರ ಕಿವಿಗೆ ಅವೆರಡೂ ಒಂದೇ ಆಗಿದ್ದುವು. ಓದುವವನಿಗೂ ಅರ್ಥಕ್ಕೆ ಕುಂದು ತೋರಲಿಲ್ಲ. ಕೇಶಿರಾಜನು ರಳ, ಕುಳ, ಕ್ಷಳಗಳೆಂದು ಶ್ರಮಪಟ್ಟು ವಿಂಗಡಿಸಿದ ಭೇದವು ಪ್ರತಿಯಲ್ಲಿ ಅಳಿಸಿಹೋಗಿದೆಯೆಂಬುದು, ಪ್ರಾಸವನ್ನು ಪರೀಕ್ಷಿಸುವ ಹೊತ್ತಿಗೆ, ಶಬ್ದದ ಮೂಲವನ್ನು ಅರಸುವ ಹೊತ್ತಿಗೆ ಗೊತ್ತಾಗುತ್ತದೆ. ಲಾಗ್ ರೂಪದ ಚಿತ್ರಗಳನ್ನು ಸಂಕೋಚಗೊಳಿಸಿ ಇಡುವಾಗ ಆಗುತ್ತಿರುವ ನಷ್ಟವೂ ಇದೇ ಜಾತಿಯದು. ಆ ರೂಪವು ಎಲ್ಲಿಂದ ಬಂದಿತು, ಏತರಿಂದ ಕೆಡುತ್ತದೆ ಎಂಬುದನ್ನು ಇಲ್ಲಿ ವಿಚಾರಿಸಿದೆ.

ಲಾಗ್ ಎಂಬುದು ಲಾಗರಿತಮ್, ಎಂದರೆ ಲಘುಗಣಕ, ಎಂಬುದರ ಸಂಕ್ಷೇಪ. ಇಂಗ್ಲೆಂಡಿನ ವಿಡ್‌ನೆಸ್ ಎಂಬ ಊರಿನ ರಾಸಾಯನಿಕ ಕಾರ್ಖಾನೆಯಲ್ಲಿದ್ದ ಫರ್ಡಿನಾಂಡ್ ಹರ್ಟರ್, ವೀರೋ ಡ್ರಿಫೀಲ್ಡ್ ಎಂಬಿಬ್ಬರು 1890ರಲ್ಲಿ ಛಾಯಾಫಲಕಗಳ ಮೇಲಿನ ತಮ್ಮ ಪರಿಶೋಧನೆಯನ್ನು ಪ್ರಕಟಿಸಿದರು. ಫಲಕದ ಮೇಲೆ ಬಿದ್ದ ಬೆಳಕಿನ ಲಘುಗಣಕವನ್ನು ಒಂದು ಕಡೆಗೂ, ಅದರಿಂದ ಫಲಕದಲ್ಲಿ ಮೂಡಿದ ಕಪ್ಪಿನ ಸಾಂದ್ರತೆಯನ್ನು ಇನ್ನೊಂದು ಕಡೆಗೂ ಗುರುತಿಸಿ ರೇಖೆಯೆಳೆದರೆ, ಆ ರೇಖೆಯು ನಡುಭಾಗದಲ್ಲಿ ನೆಟ್ಟಗೆ ನಡೆಯುತ್ತದೆಂದು ಅವರು ತೋರಿಸಿದರು. ಸಾಂದ್ರತೆಯೂ ಒಂದು ಲಘುಗಣಕವೇ ಆಗಿರುವುದಷ್ಟೆ. ಹೀಗಿರಲು, ನೆಗೆಟಿವ್ ಎಂಬುದು ಗಣಕಯಂತ್ರಗಳು ಹುಟ್ಟುವ ಮುನ್ನವೇ ಬೆಳಕನ್ನು ಲಾಗ್ ಲೆಕ್ಕದಲ್ಲಿ ಬರೆದುಕೊಳ್ಳುತ್ತಿದ್ದಿತು. ಇಂದ್ರಿಯಾನುಭವವು ಪ್ರಚೋದನೆಯ ಲಘುಗಣಕವನ್ನು ಅನುಸರಿಸುತ್ತದೆಂದು ಜರ್ಮನಿಯ ಫೆಕ್ನರ್ 1860ರಷ್ಟು ಹಿಂದೆಯೇ ಬರೆದಿದ್ದನು. ಈ ನಿಯಮವು ಎಲ್ಲ ಮಟ್ಟದ ಬೆಳಕಿಗೂ ಸರಿಯಾಗಿ ಹೊಂದದಿದ್ದರೂ, ಕಣ್ಣು ಬೆಳಕಿನ ವ್ಯತ್ಯಾಸಕ್ಕಿಂತ ಅದರ ಪ್ರಮಾಣವನ್ನೇ ಹೆಚ್ಚಾಗಿ ಗಮನಿಸುತ್ತದೆಂಬುದು ನಿಜ.

ಕೊಡಕ್ ಸಂಸ್ಥೆಯವರು 1990ರ ಬಳಿಕ ಸಿನಿಯಾನ್ ಎಂಬ ವ್ಯವಸ್ಥೆಯನ್ನು ರೂಪಿಸಿದಾಗ ಈ ಹಳೆಯ ಗುಣವನ್ನೇ ಆಧಾರವಾಗಿ ಹಿಡಿದರು. ಕೆಂಪು, ಹಸುರು, ನೀಲಿ ಒಂದೊಂದಕ್ಕೂ 10 ಬಿಟ್, ಎಂದರೆ 1024 ಮೆಟ್ಟಿಲುಗಳು; ಮೆಟ್ಟಿಲಿಗೂ ಮೆಟ್ಟಿಲಿಗೂ ನಡುವೆ 0.002 ಸಾಂದ್ರತೆಯ ಅಂತರ. ಛಾಯಾಗ್ರಾಹಕರು ಸ್ಟಾಪ್ ಎನ್ನುವ ಇಮ್ಮಡಿ ಬೆಳಕಿನ ಅಳತೆಗೆ ಇದರಲ್ಲಿ ಸುಮಾರು 90 ಮೆಟ್ಟಿಲುಗಳು ದೊರೆಯುತ್ತವೆ. ಲಾಗ್ ಇಲ್ಲದೆ ಬೆಳಕನ್ನು ನೇರವಾಗಿ ಎಣಿಸಿದ್ದರೆ, ಅದೇ 1024ರಲ್ಲಿ ಮೇಲಿನ ಒಂದು ಸ್ಟಾಪೇ 512ನ್ನು ನುಂಗಿ, ಅದರ ಕೆಳಗಿನದು 256ನ್ನು ತೆಗೆದುಕೊಂಡು, ನೆರಳಿನ ಭಾಗಕ್ಕೆ ಬೆರಳೆಣಿಕೆಯಷ್ಟೂ ಉಳಿಯುತ್ತಿರಲಿಲ್ಲ. 1937ರ ‘ಸ್ನೋ ವೈಟ್’ ಚಿತ್ರದ ಜೀರ್ಣೋದ್ಧಾರವು 1993ರಲ್ಲಿ ಈ ವ್ಯವಸ್ಥೆಯಲ್ಲಿಯೇ ನಡೆಯಿತು. ಇಡಿಯ ಚಿತ್ರವೊಂದನ್ನು ಅಂಕೆಗಳಿಗೆ ಇಳಿಸಿ, ತಿದ್ದಿ, ಮತ್ತೆ ಫಿಲ್ಮಿಗೆ ಏರಿಸಿದುದು ಅದೇ ಮೊದಲು. ಅದರ ಮೂಲ ನೆಗೆಟಿವ್ ಕಪ್ಪುಬಿಳುಪಿನದು; ಪ್ರತಿಯೊಂದು ಚಿತ್ರವನ್ನೂ ಮೂರು ಬಣ್ಣದ ಶೋಧಕಗಳ ಮೂಲಕ ಮೂರು ಬಾರಿ ತೆಗೆದಿದ್ದರು. ಹೀಗಾಗಿ ಮಾಸುವ ವರ್ಣದ್ರವ್ಯವೇ ಅಲ್ಲಿರಲಿಲ್ಲ. ಬಳಿಕ ಬಂದ ವರ್ಣಫಿಲ್ಮುಗಳಿಗೆ ಈ ಭಾಗ್ಯವಿಲ್ಲ. ಕನ್ನಡದ ಮೊದಲ ಪೂರ್ಣಪ್ರಮಾಣದ ವರ್ಣಚಿತ್ರ ‘ಅಮರಶಿಲ್ಪಿ ಜಕಣಾಚಾರಿ’ 1964ರದು. ಪುಣೆಯ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯವು ಸ್ಥಾಪಿತವಾದುದೂ ಅದೇ ವರ್ಷ. ಆ ಕಾಲದ ವರ್ಣಫಿಲ್ಮುಗಳಲ್ಲಿ ದ್ರವ್ಯವು ಮಾಸಿದಷ್ಟೂ ಸಾಂದ್ರತೆಯ ಭೇದಗಳು ಕಿರಿದಾಗಿ, ಕೆಲವೇ ಮೆಟ್ಟಿಲುಗಳೊಳಗೆ ಒತ್ತೊತ್ತಾಗಿ ಕೂಡಿಬಿಡುತ್ತವೆ. ಜೀರ್ಣೋದ್ಧಾರವೆಂದರೆ ಆ ಒತ್ತನ್ನು ಬಿಡಿಸಿ ಹಿಗ್ಗಿಸುವುದು.

ಫಿಲ್ಮೇ ಇಲ್ಲದ ಕ್ಯಾಮರಾಗಳು ಬಂದ ಮೇಲೂ ಈ ಬರವಣಿಗೆಯ ರೀತಿ ಬಿಡಲಿಲ್ಲ. ಜರ್ಮನಿಯ ಆರಿ ಸಂಸ್ಥೆಯ ಅಲೆಕ್ಸಾ ಕ್ಯಾಮರಾವು 2010ರಲ್ಲಿ ಹೊರಬಂದಾಗ ಲಾಗ್‌ಸಿ ಎಂಬ ವಕ್ರರೇಖೆಯಲ್ಲಿ ಚಿತ್ರವನ್ನು ಬರೆಯುತ್ತಿದ್ದಿತು. ಸೋನಿ, ಪ್ಯಾನಸಾನಿಕ್ ಸಂಸ್ಥೆಗಳ ರೇಖೆಗಳು ಬೇರೆ.

ಇನ್ನು ನಷ್ಟದ ವಿಚಾರ. ಲಾಗ್ ಚಿತ್ರವನ್ನು ಹಾಗೆಯೇ ತೆರೆಯ ಮೇಲೆ ನೋಡಿದರೆ ಅದು ಬೂದಿ ಬಳಿದಂತೆ ಮಂಕಾಗಿ ಕಾಣುತ್ತದೆ. ನೋಡಿದವರು ಇದರಲ್ಲಿ ಬಣ್ಣವೇ ಇಲ್ಲವೆಂದುಕೊಳ್ಳುತ್ತಾರೆ. ಸಂಕೋಚಯಂತ್ರವೂ ಹಾಗೆಯೇ ತಿಳಿಯುತ್ತದೆ ಎಂದರೆ ತಪ್ಪಾಗಲಾರದು. ಸಾಮಾನ್ಯ ಸಂಕೋಚಕ್ರಮಗಳೆಲ್ಲ ನೋಡುವುದಕ್ಕೆ ಸಿದ್ಧವಾದ ಚಿತ್ರಕ್ಕಾಗಿ ಹುಟ್ಟಿದವು. ಕಣ್ಣಿಗೆ ತೋರದಷ್ಟು ಸಣ್ಣ ಭೇದವನ್ನು ಕೈಬಿಟ್ಟು ಜಾಗವನ್ನು ಉಳಿಸುವುದೇ ಅವುಗಳ ಧರ್ಮ. ಲಾಗ್ ಚಿತ್ರದಲ್ಲಾದರೋ ತಿರುಳೆಲ್ಲ ಆ ಸಣ್ಣ ಭೇದಗಳಲ್ಲಿಯೇ ಅಡಗಿದೆ. ಇಂದು ತೋರದ ಭೇದವು ನಾಳೆ ವರ್ಣವನ್ನು ಹದಗೊಳಿಸುವವನು ಚಿತ್ರವನ್ನು ಹಿಗ್ಗಿಸಿದಾಗ ಹಲವು ಪಾಲು ಬೆಳೆದು ಎದುರಿಗೆ ನಿಲ್ಲಬೇಕು. ಅದರ ಬದಲು ಸಂಜೆಯ ಆಕಾಶದಲ್ಲಿ ಪಟ್ಟೆಗಳೂ ಮುಖದ ನೆರಳಿನಲ್ಲಿ ಚೌಕಗಳೂ ಏಳುತ್ತವೆ. 10 ಬಿಟ್ಟಿನ ಪ್ರತಿಯನ್ನು 8ಕ್ಕೆ ಇಳಿಸಿದರೆ ಸ್ಟಾಪೊಂದಕ್ಕೆ 90 ಇದ್ದ ಮೆಟ್ಟಿಲುಗಳು 22 ಅಥವಾ 23 ಆಗುತ್ತವೆ. ಅದರ ಮೇಲೆ, ನಾಲ್ಕು ಬಿಂದುಗಳಿಗೆ ಒಂದೇ ವರ್ಣಮಾನವನ್ನು ಇಡುವ ಪದ್ಧತಿಯೂ ಸೇರಿದರೆ ಬಣ್ಣದ ಅಂಚುಗಳೂ ಹೋದುವು. ಇದಕ್ಕಿಂತ ಗುಪ್ತವಾದ ನಷ್ಟವೊಂದುಂಟು. 0 ಮೊದಲ್ಗೊಂಡು 1023ರ ವರೆಗಿನ ಪೂರ್ಣವ್ಯಾಪ್ತಿಯ ಅಂಕೆಗಳನ್ನು ದೂರದರ್ಶನದ ರೂಢಿಯಂತೆ 64ರಿಂದ 940ರೊಳಗೆ ಅಡಕಿದರೆ ಉಳಿಯುವ ಮೆಟ್ಟಿಲುಗಳು 877 ಮಾತ್ರ. ಮತ್ತೆ ಹಿಗ್ಗಿಸಿದರೂ ಕಳೆದ 147 ಹಿಂದಿರುಗುವುದಿಲ್ಲ.

ಪ್ರೇಕ್ಷಕರು ಕಂಡುದು ಹದಗೊಂಡ ಚಿತ್ರವನ್ನೇ ಅಲ್ಲವೆ, ಅದನ್ನಿಟ್ಟರೆ ಸಾಲದೆ ಎಂದು ಕೇಳುವವರುಂಟು. ಅದನ್ನು ಇಡಲೇಬೇಕು, ಕೃತಿಕಾರನ ಅಭಿಪ್ರಾಯಕ್ಕೆ ಅದೇ ಸಾಕ್ಷಿ. ಆದರೆ ಅದು ಒಬ್ಬ ಸಂಪಾದಕನು ನಿಷ್ಕರ್ಷಿಸಿದ ಪಾಠದಂತೆ. ಅಚ್ಚಾದ ಪುಸ್ತಕವಿದೆಯೆಂದು ಓಲೆಯನ್ನು ಒಲೆಗೆ ಹಾಕುವುದನ್ನು ನಮ್ಮಲ್ಲಿ ಯಾರೂ ಒಪ್ಪುವುದಿಲ್ಲ.

ವೆಚ್ಚದ ಮಾತನ್ನು ಮಾತ್ರ ಹಗುರವಾಗಿ ತಳ್ಳಿಹಾಕುವಂತಿಲ್ಲ. 2048ಕ್ಕೆ 1556 ಬಿಂದುಗಳ ಒಂದು ಚೌಕಟ್ಟು, ಸಿನಿಯಾನ್ ಸಂತತಿಯದೇ ಆದ ಡಿಪಿಎಕ್ಸ್ ಕಡತವಾಗಿ ಸುಮಾರು 12.7 ಮೆಗಾಬೈಟು ತೂಗುತ್ತದೆ. ಕ್ಷಣಕ್ಕೆ 24ರಂತೆ ಒಂದು ಗಂಟೆಯ ಚಿತ್ರಕ್ಕೆ 1.1 ಟೆರಾಬೈಟು. ಬಿಂದುಗಳನ್ನು ಎರಡು ಕಡೆಗೂ ಇಮ್ಮಡಿಸಿದರೆ ಇದರ ನಾಲ್ಕರಷ್ಟು. ಎರಡೂವರೆ ಗಂಟೆಯ ನಮ್ಮ ಚಿತ್ರಗಳಿಗೆ ಲೆಕ್ಕ ಹಾಕಿದರೆ ಸಣ್ಣ ಸಂಗ್ರಹಾಲಯಗಳ ಎದೆ ನಡುಗುವುದು ಸಹಜವೇ. ಸಂಕೋಚವು ಬೇಡವೆಂದು ಅವರಿಗೆ ಉಪದೇಶಿಸುವುದು ನ್ಯಾಯವಲ್ಲ.

ಇದಕ್ಕೆ ಪರಿಹಾರವಾಗಿ ಬಂದುದು ಒಂದು ಬಿಟ್ಟನ್ನೂ ಕಳೆಯದ ಸಂಕೋಚ. ಮಿಖಾಯೆಲ್ ನೀಡರ್ಮಾಯರ್ ಎಂಬವನು ರಚಿಸಿದ ಎಫ್‌ಎಫ್‌ವಿ1 ಎಂಬ ಕ್ರಮವು ಅಂಥದು; ಅದರ ನಿರೂಪಣೆಯು ಆರ್‌ಎಫ್‌ಸಿ 9043 ಎಂಬ ಹೆಸರಿನಲ್ಲಿ 2021ರಲ್ಲಿ ಸಾರ್ವಜನಿಕವಾಗಿ ಪ್ರಕಟವಾಯಿತು. ಕೆಂಪು, ಹಸುರು, ನೀಲಿಗಳನ್ನು ಬೆಳಕು ಮತ್ತು ವರ್ಣಗಳೆಂದು ವಿಂಗಡಿಸುವಾಗ ಸಾಮಾನ್ಯ ಪದ್ಧತಿಗಳಲ್ಲಿ ಅಂಕೆಗಳ ಕೊನೆ ಸವೆಯುತ್ತದೆ. ಇದರಲ್ಲಿ ಆ ವಿಂಗಡಣೆಯೂ ತಪ್ಪಿಲ್ಲದೆ ಹಿಂದಕ್ಕೆ ಬರುವಂಥದಾಗಿದೆ. ಡಿಪಿಎಕ್ಸ್ ಸರಣಿಯನ್ನು ಈ ರೂಪಕ್ಕೆ ತಂದು, ಬೇಕಾದಾಗ ಮೊದಲಿನ ಕಡತಗಳನ್ನೇ ಅಕ್ಷರಶಃ ಮರಳಿ ಕೊಡುವ ರಾಕುಕ್ಡ್ ಎಂಬ ಸಾಧನವೂ ಬಳಕೆಯಲ್ಲಿದೆ. ಫಿಲ್ಮಿನ ಮರಳುಗಣ್ಣು ಸುಲಭವಾಗಿ ಒತ್ತಿಗೆ ಬಗ್ಗದಾದುದರಿಂದ ಉಳಿತಾಯವು ಚಿತ್ರದಿಂದ ಚಿತ್ರಕ್ಕೆ ಬೇರೆಯಾಗುತ್ತದೆ.

ಬಿಟ್ಟುಗಳೆಲ್ಲ ಉಳಿದ ಮೇಲೂ ಒಂದು ತೊಡಕು ನಿಂತಿದೆ. ಇದಕ್ಕೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲವೆಂದು ನನ್ನ ಭಾವನೆ. ಓಲೆಯ ಕೊನೆಯಲ್ಲಿ ಲಿಪಿಕಾರನು ತನ್ನ ಹೆಸರು, ಊರು, ಸಂವತ್ಸರಗಳನ್ನು ಬರೆಯುವಂತೆ, ಚಿತ್ರವು ಯಾವ ರೇಖೆಯಲ್ಲಿ ಬರೆದುದೆಂಬುದನ್ನು ಕಡತವು ಹೇಳಬೇಕು. ಡಿಪಿಎಕ್ಸ್ ಕಡತದ ತಲೆಬರಹದಲ್ಲಿ ಅದಕ್ಕೊಂದು ಎಡೆಯಿದೆ. ಬರೆಯುವವರು ಅದನ್ನು ತುಂಬುವುದಿಲ್ಲ, ಇಲ್ಲವೆ ತಪ್ಪಾಗಿ ತುಂಬುತ್ತಾರೆ. ಈಗಿನ ಚಿತ್ರಕಡತಗಳು ಅನುಸರಿಸುವ ಎಚ್.273 ಎಂಬ ಅಂತಾರಾಷ್ಟ್ರೀಯ ಸಂಕೇತಪಟ್ಟಿಯಲ್ಲಿ ಎರಡು ಸಾಮಾನ್ಯ ಲಾಗ್ ರೇಖೆಗಳಿಗೆ ಸಂಖ್ಯೆಯುಂಟು. ಲಾಗ್‌ಸಿ ಮುಂತಾದ ಕ್ಯಾಮರಾ ರೇಖೆಗಳಿಗೆ ಇಲ್ಲ. ಆದುದರಿಂದ ಆ ಹೆಸರನ್ನು ಸೂಚೀಪತ್ರದಲ್ಲಿಯೂ ಕಡತದ ಜೊತೆಯ ಟಿಪ್ಪಣಿಯಲ್ಲಿಯೂ ಕೈಯಿಂದಲೇ ಬರೆದಿಡಬೇಕಾಗಿದೆ. ಬರೆಯದಿದ್ದರೆ ಏನಾಗುತ್ತದೆಂಬುದಕ್ಕೆ ಒಂದೇ ಉದಾಹರಣೆ ಸಾಕು. 2010ರ ಲಾಗ್‌ಸಿ ರೇಖೆಯಲ್ಲಿ ನಡುಬೂದಿಬಣ್ಣವು 1023ರಲ್ಲಿ 400ನೆಯ ಅಂಕೆ. ಅದೇ ಸಂಸ್ಥೆಯವರು 2022ರಲ್ಲಿ ತಂದ ಲಾಗ್‌ಸಿ4 ರೇಖೆಯಲ್ಲಿ ಅದು ಸುಮಾರು 285. ಹೆಸರಿಲ್ಲದ ಕಡತವೊಂದರಲ್ಲಿ 400 ಎಂಬ ಅಂಕೆ ಕಂಡಾಗ, ಅದು ನಡುಬೂದಿಯೋ ಅದಕ್ಕಿಂತ ಬಹಳ ಬೆಳಗಿದ್ದ ಬೇರಾವುದೋ ಮೈಯೋ ಎಂದು ತಿಳಿಸುವ ಸಾಕ್ಷಿಯು ಆ ಅಂಕೆಯೊಳಗೆ ಇಲ್ಲ.